ತಲೆಯೊಳಗಿನ ಗಂಟು

ಸ್ಕ್ಯಾನ್ ನೋಡಿದ ಡಾಕ್ಟರು ನನ್ನ ಮಿದುಳಿನಲ್ಲಿ ಕ್ಯಾನ್ಸರ್ ಗಂಟಿರಬಹುದು ಎಂದ ದಿನವೇ ಗಂಡ ಚನ್ನೇಶ ನನ್ನನ್ನು ತವರಿಗೆ ತಂದು ಬಿಟ್ಟುಹೋದ. ಆಪರೇಷನ್ನಿಗೆ ಹುಬ್ಬಳ್ಳಿಗೆ ಕರೆದೊಯ್ದದ್ದು ಅಪ್ಪ. ತೆಗೆದ ಚೂರನ್ನು ಪರೀಕ್ಷೆ ಮಾಡಿದರೆ ಅದು ಕ್ಯಾನ್ಸರ್ರೇ ಅಲ್ಲ, ಬೂಷ್ಟು! ಹಳೇ ರೊಟ್ಟಿಗೆ ಹಿಡಿಯುತ್ತದಲ್ಲ, ಅದರ ಜಾತಿಯದೇ ಒಂದು ಸೋಂಕು. ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ಗುಣವಾದೆ. ಚನ್ನೇಶ ಒಮ್ಮೆಯೂ ಫೋನ್ ಮಾಡಲಿಲ್ಲ.

ಮಾಡಿದ್ದು ಅವನ ಪಕ್ಕದ ಮನೆಯ ಅನ್ನವ್ವ. "ತನುಜಾ, ನಿನ್ನ ಗಂಡಗ ಮಾಸೂರಿನ ಕನ್ಯಾ ಗೊತ್ತ ಮಾಡ್ಯಾರವಾ. ನಾಳೆ ಅವರು ಮನಿ ನೋಡಾಕ ಬರಾಕತ್ತಾರ!"

ಮರುದಿನ ಮೊದಲ ಬಸ್ಸಿಗೇ ಗಂಡನ ಊರು ಅಕ್ಕಿಆಲೂರಿಗೆ ಬಂದೆ. ಹಿತ್ತಲ ಬಾಗಿಲಿನಿಂದ ಒಳಹೊಕ್ಕು, ಅಡುಗೆಮನೆಯಲ್ಲಿ ತುಂಬಿಟ್ಟಿದ್ದ ಚಹಾದ ಟ್ರೇ ಎತ್ತಿಕೊಂಡು ಮಾಸೂರಿನವರು ಕೂತಿದ್ದ ಪಡಸಾಲೆಗೆ ನಡೆದೆ. ನನ್ನ ಕೂದಲಿನ್ನೂ ಬೆರಳುದ್ದ. ಚನ್ನೇಶನ ಮುಖ ಸುಣ್ಣವಾಯಿತು.

"ಈಕಿ ಯಾರ್ರೀ?" ಹುಡುಗಿಯ ಅಪ್ಪ ಕೇಳಿದರು.

"ಇವರ ಹೆಂಡ್ತಿರಿ. ಸತ್ತಾಳಂತ ಹೇಳ್ಯಾರೇನ್ರಿ? ಇರ್ಲಿ, ಚಹಾ ಕುಡೀರಿ, ಆರತೈತಿ."

ಅವರ್ಯಾರೂ ಕಪ್ಪು ಮುಟ್ಟಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅತ್ತೆ ಚೀರಿದಳು: "ನಿನ್ನ ತಲ್ಯಾಗ ಗಂಟೈತಿ ಅಂದಿದ್ರಲ್ಲ!"

"ತಲ್ಯಾಗ ಇದ್ದದ್ದು ಬೂಷ್ಟರಿ ಅತ್ತಿ. ಗಂಟು ಇಲ್ಲೈತಿ ನೋಡ್ರಿ."

ಕೊರಳಿನ ತಾಳಿ ಬಿಚ್ಚಿ ಆರಿದ ಕಪ್ಪುಗಳ ನಡುವೆ ಇಟ್ಟೆ. ಚನ್ನೇಶನ ಕಡೆ ತಿರುಗಿದೆ.

"ಇನ್ನೊಂದು ಕನ್ಯಾ ಹುಡುಕ್ರಿ. ಯಾವೂರಿನಾಕಿ ಅಂತ ಅನ್ನವ್ವ ನನಗ ಹೇಳ್ತಾಳ. ಚಹಾ ಕೊಡಾಕ ನಾ ಬರ್ತೇನಿ."