ಮೊದಲ ಎರಡು ನಿಮಿಷ

‘ನಗು ಬೇಡ ಅಕ್ಕ. ಇನ್ನೊಂದು ತಡವೆ ಬನ್ನಿಂಗ,’ ಎಂದ ವಿಡಿಯೋ ತೆಗೆಯುವ ಮೈಲ್‌ಸಾಮಿ.

ಪಳನಿಯಮ್ಮ ಮತ್ತೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮೂರು ಎಣಿಸಿ ತೆರೆದಳು. ಬಲಗಾಲನ್ನು ಹೊಸ್ತಿಲಿನಿಂದಾಚೆ ಇಟ್ಟಳು. ಇದು ಐದನೆಯ ಸಲ. ಹುಟ್ಟಿದಂದಿನಿಂದ ದಾಟುತ್ತಿದ್ದ ಹೊಸ್ತಿಲು. ಅದು ಎಷ್ಟು ಎತ್ತರವಿದೆಯೆಂದು ಕಾಲಿಗೆ ಇವತ್ತು ಅನುಮಾನ ಬಂದಂತಿತ್ತು.

‘ಈಗ ಅಳೋ ಹಾಗಿದೆ,’ ಎಂದಳು ಅತ್ತಿಗೆ ಜಾನಮ್ಮ, ಜಗುಲಿಯ ಕಂಬಕ್ಕೆ ಒರಗಿ.

‘ಅಳೋದು ಮದುವೆ ಕ್ಯಾಸೆಟ್ಟಿಗೆ ಆಗುತ್ತೆ, ಇದಕ್ಕೆ ಆಗಲ್ಲ,’ ಎಂದ ಮೈಲ್‌ಸಾಮಿ. ‘ಬಾಗಿಲು ತೆಗೆದ ಕೂಡಲೇ ನೋಡೋರಿಗೆ ತಿಳೀಬೇಕು, ಇದು ಫ್ಯಾಮಿಲಿ ಸಿನಿಮಾ, ಕುಟುಂಬ ಪಡ ಅಂತ. ಅಕ್ಕ ಕನ್ನಡಕ ಹಾಕ್ಕೊಂಡು ತುಟಿ ಬಿಗಿಹಿಡಿದು ಬಂದ್ರೆ ಕೋರ್ಟು ಪಡ ಆಗಿಬಿಡುತ್ತೆ.’

ಜಾನಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಪಳನಿಯಮ್ಮ ಕನ್ನಡಕ ತೆಗೆದಳು. ಕ್ಯಾಮೆರಾ, ಅದನ್ನು ಹೊತ್ತ ಹೆಗಲು, ಹಿಂದಿನ ಬೀದಿ ಎಲ್ಲವೂ ಒಂದೇ ಮಸುಕಾದವು. ಆ ಮಸುಕಿನೊಳಕ್ಕೆ ಅವಳು ಹೆಜ್ಜೆಯಿಟ್ಟಳು.

‘ಇದೇ! ಇದೇ ನನಗೆ ಬೇಕಿತ್ತು!’

ಮೂರು ವರ್ಷದಲ್ಲಿ ನಾಲ್ಕು ಕಡೆಯವರು ಬಂದು ಅವಳನ್ನು ನೋಡಿ, ಕೇಸರಿಬಾತು, ಬಜ್ಜಿ ತಿಂದು, ಊರಿಗೆ ಹೋಗಿ ಕಾಗದ ಹಾಕುತ್ತೇವೆಂದು ಹೇಳಿ ಎದ್ದು ಹೋಗಿದ್ದರು. ಐದನೆಯವರು ಪಲ್ಲಡದವರು. ಗಂಡು ಲಿಂಗಪ್ಪನ್, ಹನ್ನೆರಡು ಪವರ್‌ಲೂಮ್ ಇಟ್ಟವನು. ಅವನ ತಾಯಿ ಕಾಳಿಯಮ್ಮನಿಗೆ ಮಂಡಿನೋವು, ಬಸ್ಸು ಹತ್ತಲಾರಳು. ತಾಯಿ ನೋಡದೆ ಮಗ ನೋಡುವುದಿಲ್ಲ. ಅಣ್ಣ ದೇವರಾಜನ್ ಒಂದು ವಾರ ಯೋಚಿಸಿ, ವಿಡಿಯೋ ತೆಗೆಸೋಣ ಎಂದ. ಪೆರಿಯನಾಯಕನಪಾಳ್ಯಂನ ಈ ನೇಕಾರರ ಬೀದಿಗೆ ಮದುವೆಯಾದ ಮೇಲೆ ಕ್ಯಾಸೆಟ್ ಬರುತ್ತಿತ್ತು. ಮದುವೆಗೆ ಮೊದಲೇ ಬಂದದ್ದು ಇದೊಂದೇ.

ಪಳನಿಯಮ್ಮ ಒಂದು ಷರತ್ತು ಹಾಕಿದ್ದಳು. ಕೊಯಮತ್ತೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಏಳು ವರ್ಷದಿಂದ ಅವಳು ಚರಿತ್ರೆ ಕಲಿಸುತ್ತಿದ್ದಳು. ಅಲ್ಲಿ ಅವಳಿಗೆ ಕಿಟಕಿಯ ಪಕ್ಕ ಒಂದು ಕುರ್ಚಿಯಿತ್ತು, ಹೆಸರು ಬರೆದ ಒಂದು ಬೀರು ಖಾನೆಯಿತ್ತು, ನಾಲ್ಕೂವರೆಗೆ ಎಲ್ಲರೂ ಹೋದ ಮೇಲೆ ಖಾಲಿ ತರಗತಿಯಲ್ಲಿ ಕೂರಲು ಅರ್ಧ ಗಂಟೆಯಿತ್ತು. ಇಷ್ಟೇ. ಇಷ್ಟನ್ನು ತೆಗೆದರೆ ತನ್ನಲ್ಲಿ ಏನು ಉಳಿಯುತ್ತದೆ ಎಂದು ಬಸ್ಸಿನಲ್ಲಿ ಎಷ್ಟೋ ಸಲ ಯೋಚಿಸಿದ್ದಳು. ಪ್ರತಿ ಸಲವೂ ಇಳಿಯುವ ಜಾಗ ಬಂದುಬಿಡುತ್ತಿತ್ತು.

ಕೆಲಸ ಬಿಡುವುದಿಲ್ಲವೆಂದು ಪಲ್ಲಡದವರಿಗೆ ಮೊದಲೇ ಗೊತ್ತಾಗಬೇಕು. ಅವರು ಒಪ್ಪಿದರೆ ಅವಳೂ ಒಪ್ಪುತ್ತಾಳೆ. ಇದು ಷರತ್ತು.

‘ನಾನು ಹೇಳಿದ್ರೆ ಸಂಬಂಧ ಮುರಿಯುತ್ತೆ,’ ಎಂದಿದ್ದ ಅಣ್ಣ. ‘ಪಡದಲ್ಲಿ ನೀನೇ ಹೇಳು. ನಿನ್ನ ಬಾಯಿ, ನಿನ್ನ ಮಾತು. ಸರಿಯಾ?’

ಆಗ ಅದು ನ್ಯಾಯವಾಗಿಯೇ ಕಂಡಿತ್ತು.

ಬಾಗಿಲಿಗೂ ಮೊದಲು, ಹತ್ತು ಗಂಟೆಗೆ, ಮೈಲ್‌ಸಾಮಿ ಅವಳನ್ನು ಮಗ್ಗದ ಕುಣಿಯಲ್ಲಿ ಕೂರಿಸಿದ್ದ. ಎಂಟನೆಯ ಕ್ಲಾಸು ಮುಗಿದ ಮೇಲೆ ಅವಳು ಆ ಕುಣಿಗೆ ಇಳಿದಿರಲಿಲ್ಲ. ಅಮ್ಮ ಸುಬ್ಬಾತಾಳ್ ಅರ್ಧ ನೇಯ್ದು ಬಿಟ್ಟಿದ್ದ ಸೀರೆ. ಪಳನಿಯಮ್ಮ ಲಾಳಿ ಎಸೆದಳು. ಎರಡು ಎಳೆ ಕಿತ್ತುಹೋದವು.

‘ಅಯ್ಯೋ, ಸೀರೆ!’ ಎಂದಳು ಅಮ್ಮ.

‘ಕಿತ್ತಿದ್ದು ಪಡದಲ್ಲಿ ಬೀಳಲ್ಲಮ್ಮ. ಕೈ, ಮುಖ, ಅಷ್ಟೇ ಬೀಳುತ್ತೆ.’

‘ಅವರ ಮನೆಯಲ್ಲಿರೋದು ಪವರ್‌ಲೂಮ್. ಕೈಮಗ್ಗ ಯಾರಿಗೆ ಬೇಕು?’ ಎಂದು ಪಳನಿಯಮ್ಮ ಕೇಳಿದಳು.

‘ಯಾರಿಗೂ ಬೇಡ ಅಕ್ಕ. ಆದ್ರೆ ಕಾಣಿಸಬೇಕು.’

ಅವನು ಹೇಳುತ್ತಿದ್ದುದು ಅವಳಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಬಿ.ಎ. ಓದುವಾಗ ಹಾಸ್ಟೆಲಿನ ಗೆಳತಿಯರು ಸಿನಿಮಾಕ್ಕೆ ತಡವಾಗಿ ಹೊರಟರೆ ಅವಳು ಹೋಗುತ್ತಲೇ ಇರಲಿಲ್ಲ. ಹೆಸರುಗಳು ಬೀಳುವಾಗಲೇ ಎಲ್ಲ ತೀರ್ಮಾನವಾಗಿರುತ್ತದೆ ಎಂಬುದು ಅವಳ ನಂಬಿಕೆ. ಹೆಸರುಗಳ ಹಿಂದೆ ಗೋಪುರ, ಗಂಟೆ ಇದ್ದರೆ ಕೊನೆಗೆ ಯಾರಾದರೂ ಕ್ಷಮೆ ಕೇಳುತ್ತಾರೆ. ಖಾಲಿ ರಸ್ತೆಯಲ್ಲಿ ಒಂದೇ ಕಾರು ಹೋದರೆ ಯಾರಾದರೂ ಸಾಯುತ್ತಾರೆ. ಹೆಣ್ಣಿನ ಕಾಲು ಮೊದಲು, ಮುಖ ಆಮೇಲೆ ಬಂದರೆ ಅವಳು ಹೇಳಿದ್ದನ್ನು ಆ ಸಿನಿಮಾದಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ಒಮ್ಮೆ ಗೆಳತಿಯರಿಗೆ ಹೇಳಿದಾಗ ಅವರು ಬಹಳ ನಕ್ಕಿದ್ದರು. ಆಮೇಲೆ ಹೇಳಲಿಲ್ಲ.

ಈಗ ಮೈಲ್‌ಸಾಮಿ ತೆಗೆದುಕೊಂಡದ್ದು ಅದೇ ಕ್ರಮ. ಮೊದಲು ಕುಲದೇವತೆ ಚೌಡಮ್ಮನ ಪಟ. ಆಮೇಲೆ ಕೆಂಪು ವೆಲ್ವೆಟ್ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಅಕ್ಷರದಲ್ಲಿ ಅವಳ ಹೆಸರು, ತಮಿಳಿನಲ್ಲಿ, ಪಕ್ಕದಲ್ಲಿ ಎಂ.ಎ. ಆಮೇಲೆ ಹಾರ ಹಾಕಿದ ಅಪ್ಪನ ಫೋಟೋ. ಜಾನಮ್ಮ ಬೆಳಿಗ್ಗೆ ಹಾಕಿದ ರಂಗೋಲಿ, ಅದರ ಕೊನೆಯ ಚುಕ್ಕಿ ಇಡುತ್ತಿರುವ ಪಳನಿಯಮ್ಮನ ಬೆರಳು. ಮಗ್ಗ. ಬಾಗಿಲು. ಕಾಲು.

‘ಮಾತು ಎಲ್ಲಿ ಬರುತ್ತೆ?’ ಎಂದಳು.

‘ಕೊನೆಗೆ ಹಾಕ್ತೀನಕ್ಕ. ಎಲ್ಲ ನೋಡಿ ಮನಸ್ಸು ತಣ್ಣಗಾಗಿರುತ್ತೆ.’

‘ಕೊನೆವರೆಗೆ ಯಾರು ಕೂರ್ತಾರೆ? ಮೊದಲು ಬೇಕು. ಹೆಸರು ಬಂದ ಕೂಡಲೇ.’

ಮೈಲ್‌ಸಾಮಿ ದೇವರಾಜನ ಮುಖ ನೋಡಿದ. ದೇವರಾಜನ್ ಆಕಾಶ ನೋಡಿದ.

‘ಟೀಚರಮ್ಮ ಹೇಳಿದ ಮೇಲೆ ಮುಗೀತು,’ ಎಂದ ಮೈಲ್‌ಸಾಮಿ. ‘ಆದ್ರೆ ಒಂದು ಮಾತು. ಮೊದಲು ಇದನ್ನ ಕೇಳಿಸ್ಕೊಂಡವರು ಆಮೇಲೆ ಮಗ್ಗ ನೋಡಿದ್ರೂ ಒಂದೇ, ರಂಗೋಲಿ ನೋಡಿದ್ರೂ ಒಂದೇ. ಎಲ್ಲಾದರಲ್ಲೂ ಈ ಮಾತೇ ಕಾಣುತ್ತೆ.’

‘ಅದಕ್ಕೇ ಮೊದಲು,’ ಎಂದಳು. ತನ್ನ ಧ್ವನಿ ಅಷ್ಟು ಗಟ್ಟಿಯಾಗಿ ಕೇಳಿಸಿದ್ದು ಅವಳಿಗೇ ಹೊಸದು.

ಅವನು ಟೇಪು ಹಿಂದಕ್ಕೆ ಓಡಿಸಿ ಹೆಸರಿನ ಜಾಗದಿಂದ ಮತ್ತೆ ಎಲ್ಲ ತೆಗೆದ. ಮಗ್ಗ ಮತ್ತೊಮ್ಮೆ, ಬಾಗಿಲು ಮತ್ತೊಮ್ಮೆ. ಈ ಸಲ ಮೊದಲು ಅವಳು ಗೋಡೆಯ ಮುಂದೆ ನಿಂತಳು. ಕನ್ನಡಕ ಹಾಕಿಕೊಂಡೇ ನಿಂತಳು. ಪಕ್ಕದ ಮನೆಯ ಮಗ್ಗ ನಿಲ್ಲಿಸಲು ಜಾನಮ್ಮ ಹೋಗಿ ಹೇಳಿ ಬಂದಳು.

‘ನಾನು ಕೆಲಸ ಬಿಡೋದಿಲ್ಲ. ಅದಕ್ಕೆ ಸರಿ ಅಂದ್ರೆ ಮಾತ್ರ ಮುಂದೆ ಮಾತಾಡಿ.’

ಒಂದೇ ಸಲಕ್ಕೆ ಆಯಿತು. ಕ್ಯಾಮೆರಾದ ಕಣ್ಣುಗೂಡಿನಲ್ಲಿ ಮೈಲ್‌ಸಾಮಿ ಅವಳಿಗೆ ತೋರಿಸಿದ. ಬೆಂಕಿಪೊಟ್ಟಣದಷ್ಟು ಕಪ್ಪುಬಿಳುಪು ಚೌಕ. ಅದರೊಳಗೆ ಒಬ್ಬ ಹೆಂಗಸು ಬಾಯಿ ಆಡಿಸುತ್ತಿದ್ದಳು. ಇವಳು ಯಾರೆಂದು ಮೊದಲ ಎರಡು ನಿಮಿಷದಲ್ಲೇ ತಿಳಿಯುತ್ತಿತ್ತು. ಪಳನಿಯಮ್ಮನಿಗೆ ಅವಳ ಮೇಲೆ ಸಣ್ಣ ಹೊಟ್ಟೆಕಿಚ್ಚಾಯಿತು.

ಒಂದು ಗಂಟೆಯ ಬಸ್ಸಿಗೆ ದೇವರಾಜನ್ ಹೊರಟ. ಕೈಚೀಲದಲ್ಲಿ ಬಾಳೆಹಣ್ಣು, ವೀಳ್ಯದೆಲೆ, ಹೂವು, ಕ್ಯಾಸೆಟ್.

‘ಅವರ ಮನೆಯಲ್ಲಿ ವಿಡಿಯೋ ಡೆಕ್ ಇದೆಯಲ್ಲಣ್ಣ?’

‘ಇದೆ, ಇದೆ. ಕಲರ್ ಟೀವಿ.’

ಮಧ್ಯಾಹ್ನ ಅವಳು ಉತ್ತರಪತ್ರಿಕೆ ತಿದ್ದಲು ಕುಳಿತಳು. ಒಬ್ಬ ಹುಡುಗಿ ಅಶೋಕನಿಗೆ ಪಶ್ಚಾತ್ತಾಪವಾದದ್ದನ್ನು ಮೂರು ಪುಟ ಬರೆದಿದ್ದಳು. ಯಾವ ಯುದ್ಧವೆಂದು ಬರೆದಿರಲಿಲ್ಲ. ಎಷ್ಟು ಅಂಕ ಕೊಡಬೇಕೆಂದು ತೋಚದೆ ಪೆನ್ನು ಮುಚ್ಚಿಟ್ಟಳು. ಅಣ್ಣ ಈಗ ಗಾಂಧಿಪುರಂನಲ್ಲಿ ಬಸ್ಸು ಬದಲಾಯಿಸುತ್ತಿರಬೇಕು. ಈಗ ಸೂಲೂರು. ಈಗ ಪಲ್ಲಡ.

ಸಂಜೆ ಎದುರುಮನೆಯ ಟೀವಿಯಲ್ಲಿ ಭಾನುವಾರದ ಸಿನಿಮಾ. ಅವಳು ಹೋಗಿ ಎಂದಿನಂತೆ ಬಾಗಿಲ ಹತ್ತಿರ ಕುಳಿತಳು. ಹೆಸರುಗಳು ಬಿದ್ದವು, ಸಮುದ್ರದ ಅಲೆಗಳ ಮೇಲೆ. ನಿರ್ದೇಶಕನ ಹೆಸರು ಬಂದು ಹೋಗುವ ಹೊತ್ತಿಗೆ ಅವಳು ಏಳುತ್ತಿದ್ದಳು. ವರ್ಷಗಳಿಂದ ಹಾಗೆ.

‘ಏನು ಟೀಚರಮ್ಮ, ಇವತ್ತೂ ಅಷ್ಟೇನಾ?’ ಎಂದಳು ಆ ಮನೆಯ ಕನ್ನಿಯಮ್ಮಾಳ್. ‘ಎಲೆ ಹಾಕಿಸ್ಕೊಂಡು ಊಟ ಬಿಟ್ಟು ಎದ್ದಂಗಾಯ್ತು.’

ಪಳನಿಯಮ್ಮ ಇವತ್ತು ಕುಳಿತೇ ಇದ್ದಳು. ಆದರೆ ನೋಡುತ್ತಿದ್ದದ್ದು ಬೇರೆ ಸಿನಿಮಾ. ಪಲ್ಲಡದ ಪಡಸಾಲೆ, ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು ಕಾಲು ಚಾಚಿದ ಕಾಳಿಯಮ್ಮ, ಬಾಗಿಲಲ್ಲಿ ನಿಂತ ಗಂಡು. ಚೌಡಮ್ಮನ ಪಟ ಬರುತ್ತದೆ, ಎಲ್ಲರೂ ಕೈ ಮುಗಿಯುತ್ತಾರೆ. ಹೆಸರು ಬರುತ್ತದೆ. ಆಮೇಲೆ ಅವಳು, ಕನ್ನಡಕ ಹಾಕಿಕೊಂಡು. ಕಾಳಿಯಮ್ಮ ಮಗನ ಕಡೆ ತಿರುಗುತ್ತಾಳೆ. ಅವನು ಏನು ಮಾಡುತ್ತಾನೆ? ಅವನ ಮುಖ ಕಲ್ಪಿಸಲು ಅವಳಿಂದಾಗಲಿಲ್ಲ. ಫೋಟೋ ನೋಡಿದ್ದಳು, ನೆನಪಿಗೆ ಬರುತ್ತಿದ್ದದ್ದು ಮೀಸೆ ಮಾತ್ರ. ಅವನು ನಗಲಿ, ಎದ್ದು ಹೋಗಲಿ, ಬೈಯಲಿ. ಒಂದು ಸಲ ಕೇಳಿಸಿಕೊಂಡಿರಲಿ. ಬೇಡವೆಂದರೂ ಚಿಂತೆಯಿಲ್ಲ, ಈ ಸಲ ಅವರು ಬೇಡವೆಂದದ್ದು ಅವಳನ್ನೇ ಆಗಿರುತ್ತದೆ.

ಹೀಗೆ ಯೋಚಿಸಿ ಅವಳಿಗೆ ಸುಮಾರು ಸಂತೋಷವಾಯಿತು. ಟೀವಿಯಲ್ಲಿ ಯಾರೋ ಯಾರಿಗೋ ಕಪಾಳಕ್ಕೆ ಹೊಡೆದರು. ಯಾಕೆಂದು ಗೊತ್ತಾಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ದೇವರಾಜನ್ ಬಂದ. ಪಳನಿಯಮ್ಮ ಎದುರುಮನೆಯಿಂದ ಎದ್ದು ಬಂದಳು. ಹಣೆಯ ತುಂಬ ಕುಂಕುಮ. ಚಪ್ಪಲಿ ಬಿಡುವ ಮೊದಲೇ, ‘ಅಮ್ಮ, ತಟ್ಟೆ ತಾ,’ ಎಂದ. ‘ಬಿಳೀ ಹೂವು ಬಂತು!’

ಅಮ್ಮ ಅಲ್ಲೇ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

‘ನೋಡಿದ್ರಾ?’ ಎಂದಳು ಪಳನಿಯಮ್ಮ.

‘ಕೇಳು. ಹೋದೆ. ಜಾತಕ ಕೊಡಿ, ದೇವರ ಮುಂದಿಟ್ಟು ಹೂವು ಕೇಳೋಣ ಅಂದ್ರು ಆ ಅಮ್ಮ. ಚೀಲಕ್ಕೆ ಕೈ ಹಾಕ್ತೀನಿ, ಜಾತಕ ಇಲ್ಲ! ಇಲ್ಲೇ ಪೆಟ್ಟಿಗೆ ಮೇಲೆ ಬಿಟ್ಟು ಹೋಗಿದ್ದೀನಿ. ಮೈಯೆಲ್ಲ ಬೆವರು. ಆ ಅಮ್ಮ ಏನಂದ್ರು ಗೊತ್ತಾ? ಹುಡುಗಿನೇ ಇದರಲ್ಲಿ ಇರೋವಾಗ ಜಾತಕ ಯಾಕಪ್ಪ, ಇದನ್ನೇ ಇಡು.’

ಹೀಗೆ ಪಲ್ಲಡದಲ್ಲಿ ಕ್ಯಾಸೆಟ್ಟನ್ನು ಚೌಡಮ್ಮನ ಮುಂದಿಟ್ಟರು. ಕೆಂಪು ಹೂವು ಒಂದು ಎಲೆಯಲ್ಲಿ, ಬಿಳಿ ಹೂವು ಒಂದು ಎಲೆಯಲ್ಲಿ ಕಟ್ಟಿ ಅದರ ಮೇಲೆ ಹಾಕಿದರು. ಲಿಂಗಪ್ಪನ ಅಕ್ಕನ ಮಗಳು, ನಾಲ್ಕು ವರ್ಷದ ಮಗು, ಒಂದು ಪೊಟ್ಟಣ ಎತ್ತಿತು. ಬಿಚ್ಚಿದರೆ ಬಿಳಿ. ಕಾಳಿಯಮ್ಮ ಒಪ್ಪಿದಳು.

‘ಆಮೇಲೆ ಹಾಕಿ ನೋಡಿದ್ರಾ?’

‘ದೇವರೇ ನೋಡಿ ಒಪ್ಪಿದ ಮೇಲೆ ನಾವು ನೋಡೋದೇನಿದೆ ಅಂದ್ರು.’

‘ಲಿಂಗಪ್ಪನ್?’

‘ಅವನು ಲೂಮ್ ಹತ್ತಿರ ಇದ್ದ. ಒಳ್ಳೇ ಹುಡುಗ.’

ದೇವರಾಜನ್ ಚೀಲದಿಂದ ಕ್ಯಾಸೆಟ್ ತೆಗೆದ. ಅದಕ್ಕೆ ಅರಿಶಿನದ ದಾರ ಸುತ್ತಿತ್ತು. ಮೇಲೆ ಒದ್ದೆ ಕುಂಕುಮದ ಬೊಟ್ಟು. ಹೂವು ಬಂದ ಜಾತಕವನ್ನು ತಾಳಿ ಕಟ್ಟುವವರೆಗೆ ಯಾರೂ ಬಿಚ್ಚಬಾರದು, ಹೆಣ್ಣಿನ ಮನೆಯ ದೇವರ ಗೂಡಿನಲ್ಲಿರಬೇಕು. ಆ ನಿಯಮ ಈಗ ಇದಕ್ಕೂ ಬಂತು.

‘ಅಣ್ಣ, ಕೆಲಸದ ಮಾತು ನೀವು ಹೇಳಿದ್ರಾ?’

‘ನಾನ್ಯಾಕೆ ಹೇಳ್ಲಿ? ಅದರಲ್ಲೇ ಇದೆಯಲ್ಲ.’

ಅವನ ಮುಖದಲ್ಲಿ ಕಪಟವಿರಲಿಲ್ಲ. ಅದಕ್ಕೇ ಅವಳಿಗೆ ಭಯವಾದದ್ದು.

‘ಅವರು ಕೇಳಿಲ್ಲ. ಯಾರೂ ಕೇಳಿಲ್ಲ.’

‘ಕೇಳ್ತಾರೆ, ಮದುವೆ ಆಗ್ಲಿ. ಆವಣಿ ತಿಂಗಳಲ್ಲಿ ಮುಹೂರ್ತ ಇದೆಯಂತೆ. ಕಾಲೇಜಿಗೆ ಈ ತಿಂಗಳೇ ರಾಜೀನಾಮೆ ಬರೆದುಕೊಟ್ರೆ ಒಳ್ಳೇದು ಅಂದ್ರು.’

‘ಎದುರುಮನೆಯಲ್ಲಿ ಡೆಕ್ ಇದೆ,’ ಎಂದಳು. ‘ನಾವಾದರೂ ಹಾಕೋಣ. ಒಂದು ಸಲ.’

‘ಚೀ! ದಾರ ಕಟ್ಟಿದ್ದನ್ನ ಮೆಷಿನ್ನಿಗೆ ತುರುಕ್ತಾರಾ?’ ಎಂದಳು ಅಮ್ಮ.

ಪಳನಿಯಮ್ಮ ನೆಟ್ಟಗೆ ನಿಂತಳು. ಬೆಳಿಗ್ಗೆ ಗೋಡೆಯ ಮುಂದೆ ನಿಂತಂತೆ. ‘ನಾನು ಕೆಲಸ ಬಿಡೋದಿಲ್ಲ,’ ಎಂದಳು. ಮಾತು ಸರಿಯಾಗಿಯೇ ಹೊರಟಿತು. ಸ್ವಲ್ಪ ಹೆಚ್ಚೇ ಸರಿಯಾಗಿ. ಅಭ್ಯಾಸ ಮಾಡಿದ್ದು ಗೊತ್ತಾಗುವಷ್ಟು.

‘ದೀಪ ಹಚ್ಚೋ ಹೊತ್ತಲ್ಲಿ ಇಲ್ಲ, ಬಿಡೋದಿಲ್ಲ ಅನ್ನಬೇಡ ನನ್ನ ಕಣ್ಣು,’ ಎಂದಳು ಅಮ್ಮ, ಮೃದುವಾಗಿ. ಕ್ಯಾಸೆಟ್ಟನ್ನು ಗೂಡಿನಲ್ಲಿ ಅಪ್ಪನ ಫೋಟೋದ ಪಕ್ಕ ನಿಲ್ಲಿಸಿದಳು. ಜಾನಮ್ಮ ಮಲ್ಲಿಗೆ ದಂಡೆಯನ್ನು ಅದಕ್ಕೆ ಒಂದು ಸುತ್ತು ಹಾಕಿ, ಉಳಿದದ್ದನ್ನು ಕಿತ್ತು ಪಳನಿಯಮ್ಮನ ಜಡೆಗೆ ಸಿಕ್ಕಿಸಿದಳು. ಕುಂಕುಮದ ತಟ್ಟೆಯೂ ಹಾಗೆಯೇ ಬಂತು, ಮೊದಲು ಅದಕ್ಕೆ, ಆಮೇಲೆ ಅವಳಿಗೆ.

ಸುದ್ದಿ ಬೀದಿ ದಾಟಿತ್ತು. ಕನ್ನಿಯಮ್ಮಾಳ್ ಸಿನಿಮಾ ಬಿಟ್ಟು ಬಂದಳು. ಹಿಂದೆ ಇನ್ನೂ ನಾಲ್ಕೈದು ಹೆಂಗಸರು. ಎಲ್ಲರೂ ಗೂಡಿನತ್ತ ಕೈ ಮುಗಿದು ಕೆನ್ನೆಗೆ ಮುಟ್ಟಿಕೊಂಡರು.

‘ಹೆಣ್ಣಿಗೆ ಕಳೆ ಬಂದುಬಿಟ್ಟಿದೆ,’ ಎಂದಳು ಒಬ್ಬಳು, ಕ್ಯಾಸೆಟ್ಟಿನಿಂದ ಕಣ್ಣು ತೆಗೆಯದೆ.

ಅಮ್ಮ ಕರ್ಪೂರ ಹಚ್ಚಿದಳು. ಪಳನಿಯಮ್ಮ ಹತ್ತಿರ ಹೋದಳು. ದಾರದಿಂದ ಅರಿಶಿನದ ನೀರು ಇಳಿದು ಕ್ಯಾಸೆಟ್ಟಿನ ಕೆಳತುಟಿಯಲ್ಲಿ ತೊಟ್ಟಾಗಿ ನಿಂತಿತ್ತು. ನೋಡುತ್ತಿದ್ದಂತೆ ಅದು ಒಳಗಿನ ಟೇಪಿನ ಕಡೆಗೆ ಸರಿಯಿತು. ಒರೆಸಲು ಅವಳು ಬೆರಳು ಚಾಚಿದಳು.

‘ಸ್ವಲ್ಪ ಈಚೆಗೆ ಬಾ ಅಮ್ಮಣಿ,’ ಎಂದಳು ಕನ್ನಿಯಮ್ಮಾಳ್ ಹಿಂದಿನಿಂದ. ‘ನೀನು ನಿಂತ್ರೆ ಮರೆಯಾಗುತ್ತೆ.’

ಅವಳು ಸರಿದು ನಿಂತಳು.