ವಾಣಿ ಇದಾಳಾ?

ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಆ ಸಣ್ಣ ಅಂಗಡಿಯಲ್ಲಿ ಗುಂಡಿ, ದಾರ, ಜಿಪ್ಪು, ಲೇಸು ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಒಡತಿಯ ಮಾತು ಮಾತ್ರ ಧಾರಾಳವಾಗಿ ಸಿಗುತ್ತಿತ್ತು. ಅವಳನ್ನು ಎಲ್ಲರೂ ಗುಂಡಿ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಅವಳ ಕಿವಿಗೆ ಬಿದ್ದ ಸುದ್ದಿ ಮಧ್ಯಾಹ್ನದೊಳಗೆ ಎದುರಿನ ಬೇಕರಿಯವನ ಬಾಯಲ್ಲಿರುತ್ತಿತ್ತು. ಹೋಗಿ ಹೋಗಿ ಇಂಥವಳ ಪಾಲಿಗೇ ಒಂದು ಜೀವದ ಗುಟ್ಟು ಬಂದು ಬೀಳಬೇಕೆ!

ಗುಟ್ಟು ಬಂದದ್ದು ಒಂದು ನೀಲಿ ಅಂಗಿಯ ರೂಪದಲ್ಲಿ. ತಂದವಳು ಪುಟ್ಟಿ, ದೊಡ್ಡಮ್ಮನ ತೀರಿಹೋದ ತಂಗಿಯ ಮಗಳು. ತಾಯಿ ಹೋದ ಮೇಲೆ ಇದೇ ಅಂಗಡಿಯ ಡಬ್ಬಿಗಳ ನಡುವೆ ಗುಂಡಿ ಎಣಿಸುತ್ತಾ ಬೆಳೆದ ಹುಡುಗಿ. ದೊಡ್ಡವಳಾಗಿ ಶಿಶುವಿಹಾರದಲ್ಲಿ ಟೀಚರ್ ಆದಳು, ಕನ್ನಡಕದ ಅಂಗಡಿಯವನೊಬ್ಬನನ್ನು ಮದುವೆಯಾದಳು, ಮದುವೆಯಾದ ಮೇಲೆ ಟೀಚರ್ ಕೆಲಸ ಬಿಟ್ಟಳು. ಬಿಟ್ಟಳೋ ಬಿಡಿಸಿದರೋ ದೊಡ್ಡಮ್ಮ ಆಗ ಕೇಳಲಿಲ್ಲ. ಅಳಿಯನ ಮಾತು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಅಂಥವನ ಮೇಲೆ ಯಾರಿಗೆ ತಾನೆ ಅನುಮಾನ ಬರುತ್ತದೆ?

ಅವತ್ತು ಅಳಿಯ ಬಾಗಿಲಾಚೆ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದ. ಪುಟ್ಟಿ ಅಂಗಿಯನ್ನು ಕಟ್ಟೆಯ ಮೇಲಿಟ್ಟು, "ಇದಕ್ಕೆ ಹೊಂದೋ ಗುಂಡಿ ಕೊಡು ದೊಡ್ಡಮ್ಮ" ಎಂದಳು. ಅದೇ ಗುಂಡಿಯನ್ನು ಅವಳು ಹಿಂದೆಯೂ ಎರಡು ಸಲ ಒಯ್ದಿದ್ದಳು. ದೊಡ್ಡಮ್ಮ ಅಂಗಿಯನ್ನು ಬಿಡಿಸಿ ನೋಡಿದಳು. ಸವೆದು ಬಿದ್ದ ಗುಂಡಿಯಾದರೆ ದಾರದ ತುದಿಯನ್ನು ಬಿಟ್ಟು ಹೋಗುತ್ತದೆ. ಇಲ್ಲಿ ಗುಂಡಿಯ ಜೊತೆ ಬಟ್ಟೆಯೂ ಕಿತ್ತು ಹೋಗಿತ್ತು, ಕೊರಳಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ. ಯಾರೋ ಎದೆಯ ಹತ್ತಿರ ಮುಷ್ಟಿ ಹಿಡಿದು ಎಳೆದಿದ್ದರು.

"ಏನೇ ಇದು?"

"ಚಿಲಕಕ್ಕೆ ಸಿಕ್ಕಿಹಾಕ್ಕೊಳ್ತು."

"ಮೂರು ಸಲಾನೂ ಅದೇ ಚಿಲಕನಾ?"

ಪುಟ್ಟಿ ಬಾಗಿಲ ಕಡೆ ನೋಡಿದಳು. ಅಷ್ಟೇ ಸಾಕಾಯಿತು. ದೊಡ್ಡಮ್ಮನ ಮೈಯೆಲ್ಲ ಉರಿದುಹೋಯಿತು, ಕೈ ತಾನಾಗಿ ಕಬ್ಬಿಣದ ಅಳತೆ ಪಟ್ಟಿಯ ಕಡೆ ಹೋಯಿತು. ಪುಟ್ಟಿ ಆ ಕೈಯನ್ನು ಒತ್ತಿ ಹಿಡಿದಳು.

"ಬೇಡ. ನೀನು ಇಲ್ಲಿ ಎರಡೇಟು ಹಾಕ್ತೀಯ. ಆಮೇಲೆ ಅವರ ಜೊತೆ ಮನೆಗೆ ಹೋಗೋಳು ನಾನು ತಾನೆ?"

ದೊಡ್ಡಮ್ಮ ಪಟ್ಟಿಯನ್ನು ಕೆಳಗಿಟ್ಟಳು. ಗುಂಡಿಗಳನ್ನು ಎಣಿಸಿ ಪೊಟ್ಟಣ ಕಟ್ಟಿಕೊಟ್ಟಳು. ಈ ಹುಡುಗಿಯನ್ನು ಆ ಮನೆಯಿಂದ ಜೀವಸಹಿತ ಹೊರಗೆ ತರಬೇಕು, ಅದೂ ಅವನಿಗೆ ಸುಳಿವು ಸಿಗದ ಹಾಗೆ. ಹೇಗೆ ಎಂಬುದಷ್ಟೇ ಗೊತ್ತಿರಲಿಲ್ಲ.

ಮರುದಿನದಿಂದ ಅವಳು "ಯಾರೋ ಒಬ್ಳು ಗಿರಾಕಿ" ಎಂದು ಶುರುಮಾಡಿ ಕಂಡಕಂಡವರನ್ನು ಕೇಳತೊಡಗಿದಳು. ಗಂಡ ಹೆಂಡತಿ ನಡುವೆ ಮೂಗು ತೂರಿಸಬೇಡಿ ಎಂದು ಬೇಕರಿಯವನು ಉಪದೇಶ ಮಾಡಿದ. ಬೀಗ ರಿಪೇರಿಯವನು, "ಎಲ್ಲದಕ್ಕೂ ಹೆಲ್ಪ್‌ಲೈನ್ ಇರುತ್ತೆ ಕಣಮ್ಮ" ಎಂದು ತನ್ನ ಫೋನಿನಲ್ಲಿ ಒಂದು ನಂಬರು ಹುಡುಕಿಕೊಟ್ಟ. ಅದು ಯಾವುದೋ ಬ್ಯಾಂಕಿನದು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಅದು ಹೇಳಿದಂತೆಲ್ಲ ಒತ್ತಿ, ಕೊನೆಗೆ ಕೇಳದೇ ಇದ್ದ ಸಾಲವೊಂದು ತಲೆಗೆ ಕಟ್ಟುವಷ್ಟರಲ್ಲಿ ಅವಳು ಫೋನಿಟ್ಟಳು. ಇನ್ನೊಂದು ನಂಬರು ವಿದ್ಯುತ್ ದೂರಿನದು.

"ನಿಮ್ಮನೇಲಿ ಕರೆಂಟ್ ಇದ್ಯಾಮ್ಮ?" ಎಂದು ಅತ್ತಲಿನವನು ಕೇಳಿದ.

"ಇದೆಯಪ್ಪಾ, ಈಗ ನನ್ನ ಮೈಯಲ್ಲೆಲ್ಲ ಅದೇ ಹರೀತಿದೆ!"

ಹೆಂಗಸರ ಸಂಘವೊಂದರ ನಂಬರೂ ಸಿಕ್ಕಿತು. ಅದು ಬಳಕೆಯಲ್ಲೇ ಇರಲಿಲ್ಲ. ದೊಡ್ಡಮ್ಮನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಮುಳುಗುವವರಿಗೆ ಹಗ್ಗ ಕೊಡುತ್ತೇವೆ ಎನ್ನುವವರು ಆ ಹಗ್ಗವನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಏನು ಬಂತು?

ಕೊನೆಗೆ ಆ ಹಗ್ಗ ಸಿಕ್ಕಿದ್ದು ಮಂಡಿನೋವಿಗೆಂದು ಹೋದ ಕ್ಲಿನಿಕ್ಕಿನಲ್ಲಿ, ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲಿ. ಅಲ್ಲಿ ಒಂದು ಚೀಟಿ ಅಂಟಿಸಿದ್ದರು. ನಗುಮುಖದ ಒಬ್ಬ ಹೆಂಗಸಿನ ಚಿತ್ರ. ಅದರ ಕೆಳಗೆ ಒಂದು ಸಾಲಿನಲ್ಲಿ "ಮಹಿಳಾ ಸಹಾಯ", ಜಾಗ ಸಾಲದೆ ಮುಂದಿನ ಸಾಲಿಗೆ ಇಳಿದ "ವಾಣಿ", ಅದರ ಪಕ್ಕದಲ್ಲೇ ನಂಬರು. ಬಾಯಿ ತೆಗೆದರೆ ಹೆಲ್ಪ್‌ಲೈನ್ ಎನ್ನುವವರ ನಡುವೆ ಬದುಕಿದ ದೊಡ್ಡಮ್ಮ ಕನ್ನಡಕವನ್ನು ಮೂಗಿಗೇರಿಸಿ ಓದಿದಳು. ಅವಳಿಗೆ ಅರ್ಥವಾದದ್ದು ಇಷ್ಟು: ಹೆಂಗಸರಿಗೆ ಸಹಾಯ ಮಾಡುತ್ತಾರೆ, ಮಾಡುವವಳ ಹೆಸರು ವಾಣಿ. ಮುಖ ನೋಡಿದರೂ ಒಳ್ಳೆಯವಳ ಹಾಗೇ ಇದ್ದಳು.

ಅಂಗಡಿಗೆ ಬಂದವಳೇ, ಒಳಗಿನ ಲೇಸಿನ ಪರದೆ ಎಳೆದುಕೊಂಡು ಫೋನ್ ಮಾಡಿದಳು.

"ವಾಣಿ ಇದಾಳಾ?"

"ಯಾರು ಬೇಕಿತ್ತಮ್ಮ?" ಒಂದು ಹೆಣ್ಣುದನಿ ಕೇಳಿತು.

"ವಾಣಿ ಕಣ್ರೀ, ವಾಣಿ. ಸಹಾಯ ಮಾಡ್ತಾಳೆ ಅಂತ ನೀವೇ ಫೋಟೋ ಸಮೇತ ಅಂಟಿಸಿದೀರಲ್ಲ! ಅವ್ಳಿಲ್ದೇ ಇದ್ರೆ ಯಾಕೆ ಅಂಟಿಸ್ತೀರಿ?"

ಅತ್ತ ಆ ದನಿ ನಗು ತಡೆದುಕೊಂಡೇ, ಆದರೆ ತುಂಬ ಮೆತ್ತಗೆ ಹೇಳಿತು: "ನಾನೇ ವಾಣಿ. ಹೇಳಿ ಅಮ್ಮ, ಏನಾಯ್ತು?"

ಇಷ್ಟು ದಿನ ಯಾರೂ ದೊಡ್ಡಮ್ಮನನ್ನು ಏನಾಯ್ತು ಎಂದು ಕೇಳಿರಲಿಲ್ಲ. ಕಿತ್ತ ಗುಂಡಿಯಿಂದ ಹಿಡಿದು ಕಬ್ಬಿಣದ ಪಟ್ಟಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆ ವಾಣಿ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಅಳಿಯನ ಮೇಲೆ ಕೂಗಾಡೋಕೆ ಹೋಗ್ಬೇಡಿ. ಹೊರಗೆ ಬಾ ಅಂತ ಅವಳನ್ನೂ ಬಲವಂತ ಮಾಡ್ಬೇಡಿ. ನಿನ್ನ ಮಾತು ನಂಬ್ತೀನಿ ಅಂತಷ್ಟೇ ಹೇಳಿ. ಅವಳೇ ನನ್ನ ಜೊತೆ ಮಾತಾಡೋ ಹಾಗೆ ಒಂದು ದಾರಿ ಮಾಡ್ಕೊಡ್ತೀರಾ?" ಎಂದಳು.

ದಾರಿ ಆದದ್ದು ಪುಟ್ಟಿ ಮತ್ತೆ ಅಂಗಡಿಗೆ ಬಂದಾಗ. ಈ ಸಲ ಅಳಿಯ ಒಳಗೇ ಬಂದು ಕುರ್ಚಿ ಎಳೆದುಕೊಂಡು ಕೂತ. ದೊಡ್ಡಮ್ಮ ಏನೂ ಆಗದವಳ ಹಾಗೆ, "ಪುಟ್ಟೀ, ವಾಣಿ ಬೆಳಿಗ್ಗೆಯಿಂದ ಲೇಸಿನ ಅಳತೆ ಕೇಳ್ತಾನೇ ಇದಾಳೆ. ಒಳಗೆ ಫೋನಲ್ಲಿ ಕಾಯ್ತಿದಾಳೆ, ಹೋಗಿ ಹೇಳ್ಬಿಡೇ, ನನ್ನ ಕಣ್ಣಿಗೆ ಆ ಸಣ್ಣ ಅಕ್ಷರ ಕಾಣಲ್ಲ" ಎಂದಳು.

"ಯಾರು ವಾಣಿ?" ಅಳಿಯನ ಕಣ್ಣು ಚುರುಕಾಯಿತು.

"ಗುಂಡಿ ಸಗಟು ವ್ಯಾಪಾರದೋಳು, ಅಳಿಯಂದ್ರೇ. ಅವಳ ಕಥೆ ಹೇಳ್ತೀನಿ ಕೇಳಿ." ಹಾಗೆಂದವಳು ಆ ಇಲ್ಲದ ವಾಣಿಗೆ ಒಬ್ಬ ಸೋಮಾರಿ ಗಂಡ, ಒಬ್ಬ ಕಿವುಡಿ ಅತ್ತೆ, ಒಂದು ಕೆಟ್ಟುಹೋದ ಸ್ಕೂಟರು, ಎಲ್ಲವನ್ನೂ ನಿಂತಲ್ಲೇ ಹುಟ್ಟಿಸಿದಳು. ಜನ್ಮವಿಡೀ ಬೈಗುಳ ತಿಂದ ಬಾಯಿ ಅಂದು ಉಪಯೋಗಕ್ಕೆ ಬಂತು. ಅಳಿಯ ಆಕಳಿಸಿದ. ಪುಟ್ಟಿ ಪರದೆ ಸರಿಸಿ ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಕತ್ತು ಮಾತ್ರ ನೆಟ್ಟಗಿತ್ತು.

"ವಾಣಿ ಒಳ್ಳೆಯವಳು, ದೊಡ್ಡಮ್ಮ" ಎಂದಳು ಅಷ್ಟೇ.

ಉಳಿದ ಏರ್ಪಾಟು ದೊಡ್ಡಮ್ಮನಿಗೆ ಫೋನಿನ ಮೂಲಕ ತಿಳಿಯಿತು. ಒಂದೊಂದು ಸಲ ಒಂದೊಂದು ದನಿ. ಉಳಿದುಕೊಳ್ಳಲು ಜಾಗ ನೋಡುವವಳು ಒಬ್ಬಳು, ಕಾನೂನಿನ ನೆರವು ಕೊಡುವ ವಕೀಲೆ ಒಬ್ಬಳು, ವೈದ್ಯರ ಹತ್ತಿರ ಕರೆದೊಯ್ಯುವವಳು ಮತ್ತೊಬ್ಬಳು. ದೊಡ್ಡಮ್ಮ ಎಲ್ಲರನ್ನೂ ವಾಣಿ ಎಂದೇ ಕರೆದಳು, ಎಲ್ಲರೂ ಓಗೊಟ್ಟರು. ಸಹಾಯವಾಣಿ ಎಂದರೆ ಹೆಲ್ಪ್‌ಲೈನ್ ಎಂಬ ಸತ್ಯವನ್ನು ವಕೀಲೆಯೇ ಬಿಡಿಸಿ ಹೇಳಿದಳು. ದೊಡ್ಡಮ್ಮನ ಮುಖ ಕೆಂಪೇರಿತು.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಮೊದಲ ದಿನವೇ ಹೇಳೋದಲ್ವಾ?"

"ಹೇಳ್ಲಿಲ್ಲ, ಒಳ್ಳೇದೇ ಆಯ್ತು" ಎಂದಳು ವಕೀಲೆ. "ಹೆಲ್ಪ್‌ಲೈನ್ ಅನ್ನೋ ಪದ ಆ ಮನೇಲಿ ಬಾಯಿಗೆ ಬಂದ್ರೆ ಕಥೆ ಮುಗೀತು. ವಾಣಿ ಅಂದ್ರೆ ಯಾರಿಗೇನು ಗೊತ್ತಾಗುತ್ತೆ? ಈ ತಪ್ಪನ್ನ ಹೀಗೇ ಇಟ್ಕೊಳ್ಳಿ."

ಹೊರಡಲು ಸಿದ್ಧವಾದ ದಿನ ಪುಟ್ಟಿ ಕೆಂಪು ಗುಂಡಿ ಕೇಳಬೇಕು ಎಂದು ಮಾತಾಗಿತ್ತು. ಅಷ್ಟರಲ್ಲಿ ಅಳಿಯ ಅವಳನ್ನು ಅಂಗಡಿಗೆ ಕರೆತರುವುದನ್ನೇ ನಿಲ್ಲಿಸಿದ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಳ್ಳುತ್ತಾನಂತೆ ಎಂದು ಪುಟ್ಟಿಯ ಪಕ್ಕದ ಮನೆಯವರು ಪಿಸುಗುಟ್ಟಿದರು. ಫೋನು ಅಂದರೆ ಭಾನುವಾರ ಒಂದು ಸಲ, ಅದೂ ಅವನ ಮುಂದೆ, ಸ್ಪೀಕರ್ ಹಾಕಿ. ದೊಡ್ಡಮ್ಮ ಹಗಲೆಲ್ಲ ಕೈ ಕೈ ಹಿಸುಕಿಕೊಂಡಳು. ನಾಲಿಗೆಯ ತುದಿಗೆ ಬಂದ ಗುಟ್ಟನ್ನು ನುಂಗಿ ನುಂಗಿ ಊಟವೇ ಸೇರದಾಯಿತು. ಅವಳು ಇಷ್ಟು ಸುಮ್ಮನಿರುವುದನ್ನು ಕಂಡು ಬೇಕರಿಯವನು ಹೆದರಿ, ಡಾಕ್ಟರಿಗೆ ತೋರಿಸಿಕೊಳ್ಳಿ ಎಂದ.

ಒಂದು ಭಾನುವಾರ ಫೋನು ಬಂತು.

"ದೊಡ್ಡಮ್ಮಾ, ಚೆನ್ನಾಗಿದೀಯಾ? ಅಂದ ಹಾಗೆ ವಾಣಿಗೆ ಹೇಳು, ಕೆಂಪು ಗುಂಡಿ ಬೇಕಿತ್ತು ಅಂತ."

ಅತ್ತ ಅಳಿಯ, "ಇವಳಿಗೊಂದು ಗುಂಡಿ ಹುಚ್ಚು" ಎನ್ನುವುದು ಕೇಳಿಸಿತು.

"ಹೇಳ್ತೀನಿ ಕಣೇ" ಎಂದಳು ದೊಡ್ಡಮ್ಮ, ದನಿಯನ್ನು ಹಲ್ಲು ಕಚ್ಚಿ ಹಿಡಿದುಕೊಂಡು. "ಅಳಿಯಂದ್ರೇ, ವಾಣಿ ಇವತ್ತು ನಿಮ್ಮ ಬೀದಿ ಕಡೆನೇ ಬರ್ತಾಳೆ, ಮನೆಗೇ ತಂದ್ಕೊಡ್ತಾಳೆ. ನಿಮ್ಮ ಕರೀ ಕೋಟಿಗೂ ಹಿತ್ತಾಳೆ ಗುಂಡಿ ಕಳಿಸ್ತೀನಿ, ನನ್ನ ಕಡೆಯಿಂದ. ಹಾಕ್ಕೊಂಡ್ರೆ ರಾಜನ ಹಾಗೆ ಕಾಣ್ತೀರಿ."

"ಓಹೋ, ಕಳಿಸಿ ಕಳಿಸಿ" ಎಂದ ಅಳಿಯ. ಬಿಟ್ಟಿ ಬಂದ ರಾಜಪದವಿಯನ್ನು ಬೇಡ ಎನ್ನುವ ಪೈಕಿ ಅಲ್ಲ ಅವನು.

ಫೋನಿಟ್ಟವಳೇ ದೊಡ್ಡಮ್ಮ ಬಾಯಿಪಾಠವಾಗಿದ್ದ ನಂಬರು ಒತ್ತಿದಳು. ಈ ಸಲ ವಾಣಿ ಇದಾಳಾ ಎಂದು ಕೇಳಲಿಲ್ಲ. "ಕೆಂಪು ಗುಂಡಿ!" ಎಂದಳು.

ಪೊಲೀಸರ ಜೊತೆ ಮಾತು ಮೊದಲೇ ಆಗಿತ್ತು. ಬಾಗಿಲು ಬಡಿದು ಗಲಾಟೆ ಮಾಡಿದರೆ ಅವನು ಒಳಗೆ ಅವಳನ್ನು ಏನಾದರೂ ಮಾಡಿಯಾನು, ಅವನ ಕೈಯಿಂದಲೇ ಬಾಗಿಲು ತೆಗೆಸಬೇಕು ಎಂದು ಮಹಿಳಾ ಇನ್‌ಸ್ಪೆಕ್ಟರು ಹೇಳಿದ್ದರು. ಸಂಜೆಯಾಗುವ ಮೊದಲು ಒಂದು ಸಾದಾ ವ್ಯಾನು ಆ ಬೀದಿಯ ತುದಿಯಲ್ಲಿ ನಿಂತಿತು. ದೊಡ್ಡಮ್ಮನಿಗೆ ವ್ಯಾನಿನಲ್ಲೇ ಕೂತಿರಬೇಕೆಂದು ಅಪ್ಪಣೆಯಾಗಿತ್ತು. ಕಿಟಕಿಯ ಗಾಜಿಗೆ ಮೂಗು ಒತ್ತಿ ಕೂತಳು.

ಮೊದಲ ದಿನ ಫೋನಿನಲ್ಲಿ ಮಾತಾಡಿದ್ದವಳೇ ಕೈಯಲ್ಲಿ ಗುಂಡಿಯ ಡಬ್ಬಿ ಹಿಡಿದು ಮುಂದೆ ಹೋಗಿ ಕರೆಗಂಟೆ ಒತ್ತಿದಳು. ಒಳಗಿನಿಂದ, "ಯಾರು?"

"ನಾನು ವಾಣಿ. ಗುಂಡಿ ತಂದಿದೀನಿ."

ಚಿಲಕ ಸರಿಯಿತು. ಬೀಗ ತಿರುಗಿತು. ಅಳಿಯ ತಾನೇ, ತನ್ನ ಕೈಯಾರೆ, ಬಾಗಿಲನ್ನು ಅಗಲವಾಗಿ ತೆರೆದ. ಗೋಡೆಯ ಮರೆಯಿಂದ ವಕೀಲೆ ಪಕ್ಕಕ್ಕೆ ಬಂದು ನಿಂತಳು.

"ನೀವ್ಯಾರು?"

"ನಾನೂ ವಾಣಿ."

ಅವಳ ಹಿಂದಿನಿಂದ ಖಾಕಿ ತೊಟ್ಟ ಇನ್‌ಸ್ಪೆಕ್ಟರು ಬಂದು ಹೊಸ್ತಿಲಲ್ಲಿ ಕಾಲಿಟ್ಟರು. ಬಾಗಿಲು ಇನ್ನು ಮುಚ್ಚುವ ಹಾಗಿರಲಿಲ್ಲ.

"ನಾನೂ ವಾಣಿನೇ" ಎಂದರು ಅವರು. "ಸ್ವಲ್ಪ ಪಕ್ಕಕ್ಕೆ ಸರೀರಿ."

ಬೆಣ್ಣೆಯ ಮಾತಿನವನು ಪಕ್ಕಕ್ಕೆ ಸರಿದ. ಅವನ ಪಕ್ಕದಿಂದಲೇ ಪುಟ್ಟಿ ಹೊರಗೆ ಬಂದಳು, ಹೆಗಲಿಗೊಂದು ಚೀಲ, ಮೈಮೇಲೆ ಅದೇ ನೀಲಿ ಅಂಗಿ. ದೊಡ್ಡಮ್ಮ ಅಪ್ಪಣೆಯನ್ನೆಲ್ಲ ಗಾಳಿಗೆ ತೂರಿ ವ್ಯಾನಿನಿಂದ ಇಳಿದೇಬಿಟ್ಟಳು, ಮಂಡಿನೋವು ಮರೆತು ಓಡಿದಳು. ನಡುಬೀದಿಯಲ್ಲಿ ಇಬ್ಬರೂ ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು.

"ಗುಂಡಿಗೆ ಗಟ್ಟಿ ಕಣೇ ನಿಂದು" ಎಂದಳು ದೊಡ್ಡಮ್ಮ.

"ಗುಂಡಿ ಅಂಗಡೀಲಿ ಬೆಳೆದೋಳಲ್ವಾ" ಎಂದಳು ಪುಟ್ಟಿ.

ಪುಟ್ಟಿ ಈಗ ಮತ್ತೆ ಶಿಶುವಿಹಾರಕ್ಕೆ ಹೋಗುತ್ತಾಳೆ. ಮೊಕದ್ದಮೆ ನಡೆಯುತ್ತಿದೆ, ವಕೀಲೆ ಬಿಡುವವಳಲ್ಲ. ರಜೆಯ ದಿನ ಪುಟ್ಟಿ ಅಂಗಡಿಯ ಕಟ್ಟೆಯ ಹಿಂದೆ ನಿಲ್ಲುತ್ತಾಳೆ. ಮೊನ್ನೆ ಹಾಗೆ ನಿಂತಿದ್ದಾಗ ಒಬ್ಬ ಹೆಂಗಸು ಬಂದು ಹಸಿರು ಅಂಗಿಯೊಂದನ್ನು ಅವಳ ಮುಂದಿಟ್ಟಳು. ಹಿಂದೆಯೇ ಬಂದ ಗಂಡಸು ಬಾಗಿಲಿಗೆ ಒರಗಿ ನಿಂತ. ಪುಟ್ಟಿ ಅಂಗಿಯನ್ನು ಬಿಡಿಸಿದಳು. ಗುಂಡಿ ಇರಬೇಕಾದ ಕಡೆ ಬಟ್ಟೆಯೇ ಇರಲಿಲ್ಲ, ಕೊರಳಿನಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ.

ಪುಟ್ಟಿ ತಲೆಯೆತ್ತಿ ದೊಡ್ಡಮ್ಮನನ್ನು ನೋಡಿದಳು. ಆಮೇಲೆ ಆ ಹೆಂಗಸಿಗೆ, ಎಲ್ಲರಿಗೂ ಕೇಳುವ ಹಾಗೆ, "ಈ ಬಣ್ಣದ್ದು ಇಲ್ಲಿ ಮುಗಿದಿದೆ ಅಕ್ಕಾ. ಒಳಗೆ ಬನ್ನಿ, ವಾಣೀನ ಫೋನಲ್ಲಿ ಕೇಳೋಣ" ಎಂದಳು.

ದೊಡ್ಡಮ್ಮ ಆಗಲೇ ಕುರ್ಚಿ ಎಳೆದು ಆ ಗಂಡಸಿನ ಮುಂದಿಟ್ಟಿದ್ದಳು.

"ಬನ್ನಿ, ಕೂತ್ಕೊಳ್ಳಿ. ನಮ್ಮ ವಾಣಿ ಕಥೆ ಹೇಳ್ತೀನಿ ಕೇಳಿ. ಸ್ವಲ್ಪ ಉದ್ದ ಇದೆ."