ಸೂಜಿಯಣ್ಣನ ಬೆಣ್ಣೆ ಉಪವಾಸ

ಹೊಲಿಗೆ ಮಿಷಿನ್ನು ರಿಪೇರಿ ಮಾಡುವವನಿಗೆ ಓಣಿಯವರೆಲ್ಲ ಸೂಜಿಯಣ್ಣ ಅಂತ ಹೆಸರಿಟ್ಟಿದ್ದರು. ಹೆಸರು ಸೂಜಿ, ಆಕಾರ ಮಾತ್ರ ದಾರದುಂಡೆ. ಪ್ಯಾಂಟಿನ ಸೊಂಟ ಬಿಗಿಯಾದಾಗೆಲ್ಲ ಅವನ ಅಕ್ಕ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಹೊರಗೆಳೆದು ಅಗಲ ಮಾಡಿಕೊಡುತ್ತಿದ್ದಳು.

"ಇನ್ನು ಒಳಗೆ ಬಟ್ಟೆ ಉಳಿದಿಲ್ಲ ಕಣೋ. ಮುಂದಿನ ಸಲ ಕಿಟಕಿ ಪರದೆ ಸೇರ್ಸಿ ಹೊಲೀಬೇಕು" ಅಂತ ನಗುತ್ತಿದ್ದಳು.

ಅವನನ್ನು ಸಾಕಿ ಬೆಳೆಸಿದವಳು ಈ ಅಕ್ಕನೇ. ಇಬ್ಬರದೂ ಒಂದೇ ಕೋಣೆಯ ಅಂಗಡಿ. ಕಿಟಕಿ ಪಕ್ಕ ಅಕ್ಕನ ಮಿಷಿನ್ನು, ಬಾಗಿಲ ಪಕ್ಕ ತಮ್ಮನ ಸ್ಕ್ರೂಡ್ರೈವರು, ಎಣ್ಣೆ ಡಬ್ಬಿ, ಬಿಚ್ಚಿಟ್ಟ ಚಕ್ರಗಳು. ಹಿಂದೆ ಅಡುಗೆಮನೆ. ಈಗ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ಮುಗಿಸಿ ಬಂದ ದಿನ ಅವಳಿಗೆ ಪೆಡಲ್ ತುಳಿಯಲು ಕಾಲು ಬಾರದು. ಮಿಷಿನ್ನಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ನೋಡಲಾಗದೆ ಸೂಜಿಯಣ್ಣ ಒಂದು ದಿನ ಅವಳ ಡಾಕ್ಟರ ಹತ್ತಿರ ಹೋದ.

"ನಂದೊಂದು ತಗೊಳ್ಳಿ ಡಾಕ್ಟ್ರೇ. ನಾನು ಇಷ್ಟು ದಪ್ಪ ಆಗಿರೋದೇ ಅವಳ ಕೈತುತ್ತು ತಿಂದು" ಅಂದ ಅವನು.

ಪರೀಕ್ಷೆ ಮಾಡಿದರು. ಕಿಡ್ನಿ ಹೊಂದುತ್ತಿತ್ತು. ಆದರೆ ಡಾಕ್ಟರು ತೂಕದ ಯಂತ್ರ ನೋಡಿ ತಲೆಯಾಡಿಸಿದರು. "ಮನಸ್ಸು ದೊಡ್ಡದು, ಸಂತೋಷ. ಆದ್ರೆ ಹೊಟ್ಟೆನೂ ದೊಡ್ಡದೇ! ಈ ತೂಕದಲ್ಲಿ ಆಪರೇಷನ್ ಮಾಡಿದ್ರೆ ನಿಮಗೇ ಅಪಾಯ. ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ."

ಅವತ್ತೇ ಸೂಜಿಯಣ್ಣ ಫೋನು ಹಿಡಿದು ಕೂತ. ಇಂಟರ್ಮಿಟೆಂಟ್ ಫಾಸ್ಟಿಂಗ್ ಅಂತ ಒಂದು ವಿಡಿಯೋ ಸಿಕ್ಕಿತು. ದಿನದಲ್ಲಿ ಕೆಲವು ಗಂಟೆ ಮಾತ್ರ ಉಣ್ಣುವುದು, ಉಳಿದ ಹೊತ್ತೆಲ್ಲ ಹೊಟ್ಟೆ ಖಾಲಿ ಬಿಡುವುದು. ಅದರಲ್ಲಿ ಒಬ್ಬ ಕಟ್ಟುಮಸ್ತಾದ ಹುಡುಗ ಕಾಫಿಗೆ ಬೆಣ್ಣೆ ಹಾಕಿ ಗಟಗಟ ಕುಡಿದು, "ಕೊಬ್ಬು ತಿಂದ್ರೆ ಉಪವಾಸ ಕೆಡಲ್ಲ, ಕೊಬ್ಬು ಕೊಬ್ಬನ್ನ ಕರಗಿಸತ್ತೆ" ಅಂದ.

ಸೂಜಿಯಣ್ಣನಿಗೆ ಇದು ಥಟ್ಟನೆ ತಲೆಗೆ ಹೋಯಿತು. ಹೋಗದೆ ಇರುತ್ತದೆಯೇ? ಅವನ ಕಸುಬೇ ಅದು. ಮಿಷಿನ್ನು ಓಡುತ್ತಿರುವಾಗ ಯಾರೂ ಎಣ್ಣೆ ಬಿಡುವುದಿಲ್ಲ. ನಿಲ್ಲಿಸಿ, ತೂತು ತೂತಿಗೆ ಬಿಟ್ಟು, ಒಳಗೆ ಇಳಿಯಲಿ ಅಂತ ಹಾಗೇ ಇಡುತ್ತಾರೆ. ಹೊಟ್ಟೆಯೂ ಮಿಷಿನ್ನೇ ತಾನೆ? ಉಪವಾಸ ಅಂದರೆ ಮಿಷಿನ್ನು ನಿಂತ ಹೊತ್ತು. ಬೆಣ್ಣೆ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದು!

ಬೆಳಿಗ್ಗೆ ಕಾಫಿಗೆ ದೊಡ್ಡ ಚಮಚದಲ್ಲಿ ಬೆಣ್ಣೆ. ಹನ್ನೊಂದಕ್ಕೆ ಹೊಟ್ಟೆ ಚುರ್ ಅಂದರೆ ಬರೀ ಬೆಣ್ಣೆ. ಊಟದ ಹೊತ್ತಿಗೆ ಬೆಣ್ಣೆಯಲ್ಲೇ ಕರಿದ ಮೊಟ್ಟೆ. ಡಾಕ್ಟರನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ತಿಂಗಳು ಕಳೆದು ತೂಕ ನೋಡಿಸಿದರೆ ಮುಳ್ಳು ಇಳಿಯುವುದಿರಲಿ, ಇನ್ನೂ ಸ್ವಲ್ಪ ಮೇಲಕ್ಕೇ ಹೋಗಿತ್ತು!

ಅಂಗಡಿಯ ಮೇಲಿನ ಮನೆಯಲ್ಲಿ ಆಸ್ಪತ್ರೆಯ ನರ್ಸಮ್ಮ ಇದ್ದಳು. ತನ್ನ ಸಮವಸ್ತ್ರಕ್ಕೆ ಗುಂಡಿ ಹಾಕಿಸಲು ಬಂದವಳು ಸೂಜಿಯಣ್ಣನ ಸಪ್ಪೆ ಮುಖ ನೋಡಿ ನಿಂತಳು.

"ಏನು ಸೂಜಿಯಣ್ಣ, ಮುಖ ಯಾಕೆ ಹಾಗಿದೆ?"

"ಉಪವಾಸದ ಹೊತ್ತಲ್ಲಿ ಹೊಟ್ಟೆಗೆ ಏನೂ ತಿಂತಿಲ್ಲ ನರ್ಸಮ್ಮ. ಆದ್ರೂ ಇಳೀತಿಲ್ಲ. ಅಕ್ಕನ ಮುಖ ಹೇಗೆ ನೋಡ್ಲಿ ಹೇಳಿ."

"ಏನೂ ಅಂದ್ರೆ ಏನೂ ಇಲ್ವಾ?"

"ಬೆಣ್ಣೆ ಬಿಟ್ರೆ ಏನೂ ಇಲ್ಲ."

ಅಕ್ಕ ಕಿಟಕಿ ಪಕ್ಕದಿಂದಲೇ ಅಂದಳು: "ಬೆಣ್ಣೆ ಬಿಟ್ರೆ ಅಂತಾನೆ. ಬಿಟ್ಟಿದ್ರೆ ಸರಿ ಇತ್ತು. ಒಂದು ಡಬ್ಬಿ ವಾರ ಬರಲ್ಲ ನೋಡಮ್ಮ ನಮ್ಮನೇಲಿ!"

ಸೂಜಿಯಣ್ಣ ಮಿಷಿನ್ನಿನ ಲೆಕ್ಕ ವಿವರಿಸಿದ. ನರ್ಸಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಸ್ಟೂಲು ಎಳೆದು ಕೂತಳು.

"ಅಣ್ಣ, ಮಿಷಿನ್ನಿಗೆ ಎಣ್ಣೆ ಊಟ ಅಲ್ಲ. ನಮಗೆ ಬೆಣ್ಣೆ ಊಟಾನೇ. ಅದೂ ಸಾಮಾನ್ಯ ಊಟ ಅಲ್ಲ. ಅಕ್ಕಿ, ಗೋಧಿಗಿಂತ ಗ್ರಾಂ ಲೆಕ್ಕದಲ್ಲಿ ಎರಡು ಪಟ್ಟು ಜಾಸ್ತಿ ಶಕ್ತಿ ಕೊಬ್ಬಲ್ಲಿರತ್ತೆ. ಉಪವಾಸ ಯಾಕೆ ಮಾಡ್ತೀರಿ? ಒಳಗೆ ಗೋದಾಮಲ್ಲಿ ಕೂಡಿಟ್ಟಿರೋ ಕೊಬ್ಬು ಖರ್ಚಾಗ್ಲಿ ಅಂತ. ನೀವು ಮೇಲಿಂದ ಬೆಣ್ಣೆ ಕೊಡ್ತಾನೇ ಇದ್ರೆ ದೇಹ ಅದನ್ನೇ ಉರಿಸತ್ತೆ. ಗೋದಾಮಿನ ಬಾಗಿಲು ಯಾಕೆ ತೆಗೀಬೇಕು ಅದು?"

"ಹಾಗಾದ್ರೆ ವಿಡಿಯೋದವನು?"

"ಅವನು ಅಕ್ಕನಿಗೆ ಕಿಡ್ನಿ ಕೊಡ್ತಾನಾ?"

ನರ್ಸಮ್ಮ ಹೋದ ಕೂಡಲೆ ಸೂಜಿಯಣ್ಣ ಬೆಣ್ಣೆ ಡಬ್ಬಿ ಪಕ್ಕದ ಮನೆಗೆ ಕೊಟ್ಟ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಡುಗೆ ಎಣ್ಣೆ, ಕಡಲೆಬೀಜ, ಮೀನು, ಎಲ್ಲವನ್ನೂ ಅದರ ಹಿಂದೆಯೇ ಸಾಗಹಾಕಿಬಿಟ್ಟ! ಬೇಯಿಸಿದ ತರಕಾರಿ, ಒಣ ಬ್ರೆಡ್ಡು, ಅಷ್ಟೇ. ಉಂಡು ಎದ್ದ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು. ಗಿರಾಕಿಗಳ ಮೇಲೆ ಸಿಡಿಮಿಡಿ. ಕೊನೆಗೊಂದು ಸಂಜೆ ತಡೆಯಲಾಗದೆ ಬೀದಿ ಕೊನೆಯ ಅಂಗಡಿಯಲ್ಲಿ ಕರಿದ ಆಲೂಗಡ್ಡೆ ಪೊಟ್ಟಣದ ಮೇಲೆ ಪೊಟ್ಟಣ ತಿಂದು, ಕೈ ಒರೆಸಿಕೊಂಡು ಒಳಗೆ ಬಂದ.

ಅಕ್ಕ ಅವನ ಅಂಗಿಯ ಮೇಲಿನ ಎಣ್ಣೆ ಕಲೆ ನೋಡಿದಳು. ಬೈಯಲಿಲ್ಲ.

"ಬಾ, ಕೂತ್ಕೋ. ನಂಗೋಸ್ಕರ ಇಷ್ಟು ಒದ್ದಾಡ್ತಿದ್ದೀಯಲ್ಲ, ಅದೇ ಸಾಕು ಕಣೋ. ಆಗದಿದ್ರೆ ಬಿಡು. ನಾನು ಹೀಗೇ ಇರ್ತೀನಿ."

ಸೂಜಿಯಣ್ಣ ಅವಳ ಪಕ್ಕ ಕೂತ. "ಹಾಗನ್ಬೇಡ ಅಕ್ಕ. ನನ್ನ ಬಾಯಿಗೆ ಬೀಗ ಹಾಕ್ಕೋತೀನಿ."

"ಬೀಗ ಹಾಕೇ ಹೀಗಾಗಿದ್ದು. ಎಣ್ಣೆ ಕಾಣದ ಮಿಷಿನ್ನು ಥರ ಕಿರುಚ್ತಿದ್ದೀಯ ವಾರದಿಂದ. ನಿಂಗೇ ಗೊತ್ತಲ್ವೇನೋ? ಎಣ್ಣೆ ಸುರಿದ್ರೆ ಬಟ್ಟೆ ಹಾಳು, ಬಿಡದೇ ಇದ್ರೆ ಮಿಷಿನ್ನು ಹಾಳು. ಹೋಗು, ಮೇಲಿನ ಮನೆಯವಳನ್ನ ಕರಿ."

ನರ್ಸಮ್ಮ ಬಂದವಳೇ ಮೊದಲು ಕೇಳಿದ್ದು, "ಉಪವಾಸ ಮಾಡ್ತೀನಿ ಅಂತ ಡಾಕ್ಟರಿಗೆ ಹೇಳಿದ್ರಾ?" ಇಲ್ಲ ಅಂದಾಗ ಮರುದಿನ ತಾನೇ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ರಾತ್ರಿ ಬೇಗ ಉಂಡು ಬೆಳಿಗ್ಗೆ ತಡವಾಗಿ ತಿನ್ನಬಹುದು ಅಂದರು. ಅಕ್ಕನಿಗೆ ಮಾತ್ರ ಉಪವಾಸ ಕೂಡದು, ಅವಳ ಊಟದ ಕ್ರಮವೇ ಬೇರೆ ಅಂತ ಖಡಾಖಂಡಿತ ಹೇಳಿದರು.

ವಾಪಸು ಬಂದು ನರ್ಸಮ್ಮ ಅಡುಗೆಮನೆಯಲ್ಲಿ ಒಂದು ಪುಟ್ಟ ಬಟ್ಟಲು ಹುಡುಕಿದಳು. ಟೀ ಚಮಚದಲ್ಲಿ ಅಡುಗೆ ಎಣ್ಣೆ ಅಳೆದು ಹಾಕಿದಳು.

"ನಾಲ್ಕು ಚಮಚ. ನಿಮ್ಮ ಒಬ್ಬರ ಇಡೀ ದಿನದ ಅಡುಗೆಗೆ ಇಷ್ಟು. ಬಟ್ಟಲು ಖಾಲಿ ಆದ್ರೆ ಆಯ್ತು, ಮತ್ತೆ ಬಾಟ್ಲಿ ಮುಟ್ಟಬಾರದು. ಇದರ ಜೊತೆ ಉಪ್ಪು ಹಾಕದ ಕಡಲೆಬೀಜ, ಬಾದಾಮಿ, ಏನಾದ್ರೂ ಒಂದು ಸಣ್ಣ ಹಿಡಿ. ಮೀನು ತಿಂತೀರಾ, ತಿನ್ನಿ, ಕರೀಬೇಡಿ."

"ಉಪವಾಸ ಮಾಡೋರಿಗೆ ಬೇರೆ ಅಳತೆ ಇಲ್ವಾ?"

"ಇಲ್ಲ ಅಣ್ಣ. ಉಪವಾಸ ಮಾಡಿದ್ರೆ ಗಡಿಯಾರ ಬದಲಾಗತ್ತೆ, ಎಣ್ಣೆ ಅಳತೆ ಬದಲಾಗಲ್ಲ. ದಿನದಲ್ಲಿ ನಮಗೆ ಬೇಕಾದ ಶಕ್ತೀಲಿ ಕಾಲು ಭಾಗದಷ್ಟು ಕೊಬ್ಬಿಂದ ಬಂದ್ರೆ ಸಾಕು, ಮೂರನೇ ಒಂದು ಭಾಗ ಮೀರಬಾರದು. ಹಾಲು, ಮೊಟ್ಟೆ, ಮೀನು, ಬೀಜದಲ್ಲಿರೋದೂ ಆ ಲೆಕ್ಕಾನೇ. ಪೂರ್ತಿ ಬಿಟ್ರೆ ಹೊಟ್ಟೆ ತುಂಬಿದ ಹಾಗೇ ಆಗಲ್ಲ, ತರಕಾರೀಲಿರೋ ಕೆಲವು ವಿಟಮಿನ್ನು ಮೈಗೆ ಹಿಡಿಯಲ್ಲ. ಬೆಣ್ಣೆ, ಕೆನೆ ಅಪರೂಪಕ್ಕೆ. ವನಸ್ಪತಿ, ಕರಿದು ಮಿಕ್ಕಿದ ಎಣ್ಣೆ ಬೇಡವೇ ಬೇಡ. ಉಪವಾಸದ ಹೊತ್ತಲ್ಲಿ ನೀರು, ಇಲ್ಲಾ ಹಾಲು ಸಕ್ಕರೆ ಇಲ್ಲದ ಕಾಫಿ."

"ಬೆಣ್ಣೆ ಇಲ್ಲದ್ದು" ಅಂತ ಅಕ್ಕ ಸೇರಿಸಿದಳು.

ಅವತ್ತಿನಿಂದ ಆ ಪುಟ್ಟ ಬಟ್ಟಲೇ ಸೂಜಿಯಣ್ಣನ ಯಜಮಾನ. ಮೊದಮೊದಲು ಮಧ್ಯಾಹ್ನಕ್ಕೇ ಖಾಲಿಯಾಗಿ ರಾತ್ರಿ ಬರೀ ಬೇಯಿಸಿದ್ದು ತಿಂದ. ಆಮೇಲೆ ಕೈ ಹಿಡಿತಕ್ಕೆ ಬಂತು. ಹಸಿವು ಅರಚುವುದು ನಿಂತಿತು. ದಿನಾ ಸಂಜೆ ರಿಪೇರಿಯಾದ ಮಿಷಿನ್ನು ತಲುಪಿಸುವ ನೆಪದಲ್ಲಿ ಓಣಿಯೆಲ್ಲ ನಡೆದ. ತೂಕ ಧಡಾರಂತ ಬೀಳಲಿಲ್ಲ. ನಿಧಾನಕ್ಕೆ, ಆದರೆ ಬಿಡದೆ ಇಳಿಯಿತು.

ಕೊನೆಗೊಂದು ದಿನ ಡಾಕ್ಟರು ಎಲ್ಲ ಪರೀಕ್ಷೆ ಮತ್ತೆ ಮಾಡಿಸಿ, "ಈಗ ನಂಗೆ ಧೈರ್ಯ ಬಂತು" ಅಂದರು.

ಆಪರೇಷನ್ ಆಯಿತು. ಇಬ್ಬರೂ ಚೇತರಿಸಿಕೊಂಡು ಮನೆಗೆ ಬಂದರು. ಕೆಲವು ತಿಂಗಳ ಮೇಲೆ ಅಕ್ಕ ಮತ್ತೆ ಮಿಷಿನ್ನಿನ ಮುಂದೆ ಕೂತಾಗ, ಸೂಜಿಯಣ್ಣ ತೂತು ತೂತಿಗೆ ಒಂದೊಂದೇ ಹನಿ ಎಣ್ಣೆ ಬಿಟ್ಟು ಒರೆಸಿಕೊಟ್ಟ. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಋಣ ಹೇಗೆ ತೀರಿಸ್ಲಿ ನರ್ಸಮ್ಮ" ಅಂದ ಅವನು.

"ನನ್ನದೇನಿದೆ? ನಾನು ಹಾಕಿದ್ದು ನಾಲ್ಕು ಚಮಚ ಎಣ್ಣೆ."

ಅಕ್ಕ ತಮ್ಮನ ಸಡಿಲವಾದ ಪ್ಯಾಂಟೊಂದನ್ನು ಹತ್ತಿರಕ್ಕೆ ಎಳೆದುಕೊಂಡು, ಇಷ್ಟು ವರ್ಷ ಬಿಚ್ಚುತ್ತಲೇ ಬಂದಿದ್ದ ಸೊಂಟದ ಹೊಲಿಗೆಯನ್ನು ಮೊದಲ ಸಲ ಒಳಕ್ಕೆ ಮಡಚಿದಳು. ಬಟ್ಟೆಯ ಮೇಲೆ ಕಣ್ಣೀರಿನ ಒಂದು ಹನಿ ಬಿತ್ತು. ಬೆರಳಲ್ಲಿ ಒರೆಸಿ, ಪೆಡಲ್ ತುಳಿದಳು. ಮಿಷಿನ್ನು ಸದ್ದಿಲ್ಲದೆ ಓಡಿತು.

ಓದ್ತಿರೋ ಅಕ್ಕ, ಅಣ್ಣ, ನೀವೂ ಹೊತ್ತು ನೋಡಿ ಉಣ್ಣುವ ಉಪವಾಸ ಶುರು ಮಾಡಿದ್ದೀರಾ? ಸಕ್ಕರೆ ಕಾಯಿಲೆಗೋ ಬೇರೆ ಕಾಯಿಲೆಗೋ ಮಾತ್ರೆ ತಗೊಳ್ತಿದ್ದರೆ, ಬಸುರಿ ಬಾಣಂತಿ ಆಗಿದ್ದರೆ, ದಯವಿಟ್ಟು ಡಾಕ್ಟರನ್ನು ಕೇಳದೆ ಬೇಡ. ಮಕ್ಕಳಿಗಂತೂ ಬೇಡವೇ ಬೇಡ. ಉಳಿದವರು ನಾಳೆ ಬೆಳಿಗ್ಗೆ ಇಷ್ಟು ಮಾಡಿ: ಒಂದು ಪುಟ್ಟ ಬಟ್ಟಲು ತಗೊಳ್ಳಿ, ಮನೆಯಲ್ಲಿರುವ ದೊಡ್ಡವರ ಲೆಕ್ಕ ಹಿಡಿದು ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ ಅಡುಗೆ ಎಣ್ಣೆ ಅಳೆದಿಡಿ, ಬಾಟಲಿಯನ್ನು ಮೇಲಿನ ಶೆಲ್ಫಿಗೆ ಕಳಿಸಿ. ಸುರಿಯಲೂ ಬೇಡಿ, ಪೂರ್ತಿ ಬಿಡಲೂ ಬೇಡಿ. ನಿಮ್ಮನ್ನು ಕೈತುತ್ತು ಕೊಟ್ಟು ಬೆಳೆಸಿದವರು ಯಾರೋ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ನೀವು ಬೇಕು, ಗಟ್ಟಿಯಾಗಿ ಬೇಕು.